ಕೊನೆಯ ಸ್ಟಾಪ್ ಬಚ್ಚಲು

ಮೇಲಿನ ಬೀದಿಯ ಟೈಲರ್ ಮಾಸ್ಟರ ಹತ್ತಿರ ಒಂದು ಫುಟ್‌ಬಾಲ್ ಜೆರ್ಸಿ ಇತ್ತು. ಹನ್ನೊಂದು ವರ್ಷದಲ್ಲಿ ಅದಕ್ಕೆ ಬೆವರು ತಾಗಿದ್ದು ಎರಡೇ ಸಲ, ಎರಡು ಸಲವೂ ಮಾಸ್ಟರು ಅದಕ್ಕೆ ಇಸ್ತ್ರಿ ಹಾಕುತ್ತಿದ್ದಾಗ. ಬೆನ್ನ ಮೇಲಿನ ಸಂಖ್ಯೆ ಹನ್ನೆರಡು. ವರ್ಷಕ್ಕೊಮ್ಮೆ ಮೇಲಿನ ಬೀದಿಯ ಅಂಗಡಿಯವರಿಗೂ ಕೆಳಗಿನ ಬೀದಿಯ ಅಂಗಡಿಯವರಿಗೂ ಪಂದ್ಯ. ಮೈದಾನಕ್ಕೆ ಇಳಿಯುವವರು ಹನ್ನೊಂದು ಜನ. ಅವರಲ್ಲಿ ಯಾರಿಗಾದರೂ ಕಾಲು ಉಳುಕಿದರೆ, ಹೊಟ್ಟೆ ಕೆಟ್ಟರೆ, ಹನ್ನೆರಡನೆಯವರು ಇಳಿಯಬೇಕು. ಆದರೆ ಮೇಲಿನ ಬೀದಿಯವರದ್ದು ಅದೇನು ಗಟ್ಟಿ ಪಿಂಡವೋ, ಹನ್ನೊಂದು ವರ್ಷದಲ್ಲಿ ಒಬ್ಬನಿಗೂ ಏನೂ ಆಗಲಿಲ್ಲ. ಒಂದು ವರ್ಷವಂತೂ ಬೀಗ ರಿಪೇರಿಯವನು ಮೈ ಸುಡುವ ಜ್ವರ ಇಟ್ಟುಕೊಂಡೇ ಪೂರ್ತಿ ಆಟ ಆಡಿ ಮುಗಿಸಿದ. (ಮಾಸ್ಟರು ಇವತ್ತಿಗೂ ಅವನನ್ನು ಕ್ಷಮಿಸಿಲ್ಲ.)

ಆ ಹನ್ನೊಂದು ಜನರ ಜೆರ್ಸಿ ಹೊಲಿಯುವವರೂ ಮಾಸ್ಟರೇ. ಗೋಲ್‌ಕೀಪರ್ ಆದ ಬೇಕರಿಯವನ ಹೊಟ್ಟೆ ವರ್ಷಕ್ಕೆ ಎಷ್ಟು ಇಂಚು ಮುಂದೆ ಬಂದಿದೆ, ಕ್ಯಾಪ್ಟನ್ನಿನ ಎಡ ಭುಜ ಬಲಕ್ಕಿಂತ ಎಷ್ಟು ತಗ್ಗು, ಎಲ್ಲ ಅವರ ನೋಟ್‌ಬುಕ್ಕಿನಲ್ಲಿ ಬರೆದಿತ್ತು. ಕಾಲರಿನ ಮೂಲೆಗೆ ಒಳಗಿನಿಂದ ಎರಡು ಸುತ್ತು ಹೆಚ್ಚು ಹೊಲಿಗೆ ಹಾಕುವುದು ಅವರ ಕೈಗುಣ. ಕಣ್ಣು ಮುಚ್ಚಿ ಬೆರಳಾಡಿಸಿದರೂ ತಮ್ಮ ಕಾಲರು ಯಾವುದು, ಕಂಡವರ ಕಾಲರು ಯಾವುದು ಎಂದು ಹೇಳಬಲ್ಲರು. ಇಷ್ಟೆಲ್ಲ ಸೇವೆಗೆ ಬೀದಿ ಅವರಿಗೆ ದಯಪಾಲಿಸಿದ ಬಿರುದು ‘ಹನ್ನೆರಡು’. “ಹನ್ನೆರಡು ಮಾಸ್ಟ್ರೇ, ನನ್ನ ಪ್ಯಾಂಟು ಆಯ್ತಾ?” ಎಂದು ಜನ ಕೇಳಿದರೆ ಮೊದಮೊದಲು ನಗುತ್ತಿದ್ದರು. ಬರಬರುತ್ತಾ ಆ ಮಾತು ಚುಚ್ಚತೊಡಗಿತು. ದಿನವೂ ಸೂಜಿ ಚುಚ್ಚಿಸಿಕೊಳ್ಳುವ ಟೈಲರಿಗೆ ಚುಚ್ಚುಮಾತು ನೋಯುವುದಿಲ್ಲ ಎಂದು ಜನ ತಿಳಿದಿದ್ದಾರೆ, ಅದು ತಪ್ಪು.

ಈ ವರ್ಷ ಮಾಸ್ಟರಿಗೆ ಸಹಿಸುವಷ್ಟು ಸಮಯವೂ ಉಳಿದಿರಲಿಲ್ಲ. ಐವತ್ತು ತುಂಬಿದವರು ಆಡುವಂತಿಲ್ಲ ಎಂಬುದು ಪಂದ್ಯದ ನಿಯಮ. ಮಾಸ್ಟರಿಗೆ ಐವತ್ತು ತುಂಬಲು ಎರಡು ತಿಂಗಳು, ಪಂದ್ಯಕ್ಕೆ ಆರು ವಾರ. ಹೊಲಿಗೆ ಮಿಷನ್ನಿಗೆ ಎಣ್ಣೆ ಕೊಳ್ಳುವ ನೆಪದಲ್ಲಿ ಅವರು ಕ್ಯಾಪ್ಟನ್ನಿನ ಹಾರ್ಡ್‌ವೇರ್ ಅಂಗಡಿಗೆ ಹೋದರು.

“ಕ್ಯಾಪ್ಟನ್ನೇ, ಈ ಸಲ ನನ್ನನ್ನ ಇಳಿಸಲೇಬೇಕು. ಇದು ಬಿಟ್ರೆ ಇನ್ನಿಲ್ಲ.”

ಕ್ಯಾಪ್ಟನ್ ಮೊಳೆ ತೂಗುತ್ತಿದ್ದ. ತಕ್ಕಡಿಯಿಂದ ಕಣ್ಣು ತೆಗೆಯದೆ, “ಮಾಸ್ಟ್ರೇ, ನಿಮಗೆ ಆಟ ಬರಲ್ಲ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ನಿಮ್ಮ ಕಾಲಿಗೂ ಚೆಂಡಿಗೂ ಇನ್ನೂ ಪರಿಚಯ ಆಗಿಲ್ಲ ಅಷ್ಟೇ. ಒಬ್ಬರೇ ಕೂತು ಸ್ವಲ್ಪ ಅಭ್ಯಾಸ ಮಾಡಿ,” ಎಂದ.

ಕೂತು ಹೇಗೆ ಫುಟ್‌ಬಾಲ್ ಅಭ್ಯಾಸ ಮಾಡುವುದು ಎಂದು ಮಾಸ್ಟರು ಕೇಳಲಿಲ್ಲ. ‘ಒಬ್ಬರೇ’ ಎಂಬ ಮಾತು ಮಾತ್ರ ಅವರ ಎದೆಗೆ ನಾಟಿತು. ಗುರುವಿಲ್ಲ, ಜೊತೆಯಿಲ್ಲ, ತಮ್ಮನ್ನು ತಾವೇ ಹುರಿದುಂಬಿಸಿಕೊಂಡು ಏಕಾಂಗಿಯಾಗಿ ಚೆಂಡಿನ ತಪಸ್ಸು ಮಾಡುವುದೆಂದು ಅಲ್ಲೇ ಸಂಕಲ್ಪವಾಯಿತು. ಅಂಗಡಿಗೆ ಬಂದವರೇ ಟ್ರಯಲ್ ಕನ್ನಡಿಯ ಮೇಲೆ ಚಾಕಿನಿಂದ ‘ಇಂದು ಬಿಟ್ಟರೆ ಎಂದೂ ಇಲ್ಲ’ ಎಂದು ಬರೆದರು. ಮರುದಿನ ಪ್ಯಾಂಟು ಹಾಕಿ ನೋಡಲು ನಿಂತ ಗಿರಾಕಿಯೊಬ್ಬ ಅದನ್ನು ಓದಿ, ಹೆದರಿ, ಇನ್ನೊಂದು ಪ್ಯಾಂಟಿಗೂ ಅಳತೆ ಕೊಟ್ಟು ಹೋದ.

ಇನ್ನು ಮನೆಯ ಒಪ್ಪಿಗೆ ಬೇಕು. ಮಾಸ್ಟರ ಹೆಂಡತಿ ಸಿಟಿ ಬಸ್ಸಿನಲ್ಲಿ ಕಂಡಕ್ಟರು. ತುಂಬಿದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಅವರು “ಮುಂದೆ ಹೋಗಿ” ಎಂದರೆ ಡ್ರೈವರೂ ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದ ಎನ್ನುತ್ತಾರೆ. ಜೊತೆಗಿದ್ದ ಅತ್ತೆಯವರು ಮೂವತ್ತು ವರ್ಷ ರೈಲ್ವೆ ಗೇಟು ಕಾದು ನಿವೃತ್ತರಾದವರು. ಹೋಗುವವರನ್ನು ತಡೆದು ನಿಲ್ಲಿಸುವುದು ಆ ಮನೆತನಕ್ಕೆ ರಕ್ತದಲ್ಲೇ ಬಂದಿತ್ತು.

“ಅಭ್ಯಾಸ ಎಲ್ಲಿ ಮಾಡೋದು?” ಎಂದರು ಕಂಡಕ್ಟರಮ್ಮ.

“ಮನೇಲಿ.”

“ಮನೇಲಿ ಯಾವ ಮೂಲೇಲಿ?”

“ಎಲ್ಲಾ ಮೂಲೇಲೂ.”

“ಮೈದಾನ ಅಂತ ಒಂದಿದೆಯಲ್ಲ, ಅದು ಯಾಕಿರೋದು?”

“ಅಲ್ಲಿ ಹುಡುಗರು ನೋಡಿ ನಗ್ತಾರೆ ಕಣೇ.”

“ಅವರು ನಗಬಾರದು ಅಂತ ನಾನು ಇಲ್ಲಿ ಅಳಬೇಕಾ?”

ಅರ್ಧ ಗಂಟೆಯ ಮಾತುಕತೆಯ ನಂತರ ಒಪ್ಪಂದವಾಯಿತು. ಬೆಳಿಗ್ಗೆ ಐದೂವರೆಯಿಂದ ಆರೂವರೆ, ಕಂಡಕ್ಟರಮ್ಮ ಡ್ಯೂಟಿಗೆ ಹೊರಡುವ ತನಕ ಮಾತ್ರ. ಚೆಂಡಿಗೆ ಹಳೆಯ ಸ್ವೆಟರಿನ ಹೊದಿಕೆ. ಏನಾದರೂ ಒಡೆದರೆ ಒಂದು ವಾರ ಪಾತ್ರೆ ತೊಳೆಯುವ ಕೆಲಸ ಮಾಸ್ಟರದ್ದು. ಅತ್ತೆಯವರ ಬೆತ್ತದ ಕುರ್ಚಿಯನ್ನು ಮಾತ್ರ ಯಾವ ಕಾರಣಕ್ಕೂ ಕದಲಿಸುವಂತಿಲ್ಲ. ಅವರು ಐದಕ್ಕೇ ಎದ್ದು ಹಾಲಿನ ನಟ್ಟನಡುವೆ ಕೂತು, ಊರುಗೋಲನ್ನು ಅಡ್ಡ ಹಿಡಿದು ರೇಡಿಯೋ ಕೇಳುವವರು.

ಮಾಸ್ಟರ ಮನೆ ಅಗಲಕ್ಕೆ ಕಡಿಮೆ, ಉದ್ದಕ್ಕೆ ಜಾಸ್ತಿ. ಮುಂಬಾಗಿಲು, ಹಾಲು, ಅತ್ತೆಯವರ ಕುರ್ಚಿ, ಊಟದ ಮೇಜು, ಅಡುಗೆಮನೆಯ ತಿರುವು, ಒದ್ದೆ ಬಟ್ಟೆಯ ಹಗ್ಗ ಕಟ್ಟಿದ ಓಣಿ, ಕೊನೆಗೆ ಬಚ್ಚಲಿನ ಬಾಗಿಲು. ಬೇರೆ ಯಾರಾದರೂ ಆಗಿದ್ದರೆ ಚೆಂಡನ್ನು ಒದ್ದು ಶುರು ಮಾಡುತ್ತಿದ್ದರು. ಮಾಸ್ಟರು ಟೇಪು ತೆಗೆದು ಮನೆಯ ಅಳತೆ ತೆಗೆದುಕೊಂಡರು. ಹೊಸ್ತಿಲಿಂದ ಕುರ್ಚಿಗೆ ಒಂಬತ್ತೂವರೆ ಅಡಿ. ಕುರ್ಚಿಯಿಂದ ಮೇಜಿಗೆ ಏಳು. ಹಗ್ಗದ ಎತ್ತರ ಐದಡಿ ಎರಡಿಂಚು, ಮಾಸ್ಟರ ಎತ್ತರ ಐದಡಿ ಆರಿಂಚು, ಆದ್ದರಿಂದ ಅಲ್ಲಿ ನಾಲ್ಕಿಂಚು ತಲೆ ತಗ್ಗಿಸತಕ್ಕದ್ದು. ನೆಲದ ಮೇಲೆ ಚಾಕಿನಲ್ಲಿ ಗೆರೆ ಬಿತ್ತು. ಕೋಟು ಹೊಲಿಯುವ ಕ್ರಮದಲ್ಲೇ ಆಟವನ್ನೂ ಹೊಲಿಯುವುದೆಂದು ತೀರ್ಮಾನ: ಮೊದಲು ಕಚ್ಚಾ ಹೊಲಿಗೆ, ಆಮೇಲೆ ಟ್ರಯಲ್, ಆಮೇಲೆ ಫಿನಿಶಿಂಗ್.

ಕಚ್ಚಾ ಹೊಲಿಗೆಯ ಎರಡು ವಾರದಲ್ಲಿ ಎರಡು ಗಾಜಿನ ಲೋಟ, ಒಂದು ಹೂಜಿ, ಗಡಿಯಾರದ ಗಾಜು ಮತ್ತು ಒಬ್ಬ ವಕೀಲರ ಬಿಳಿ ಪ್ಯಾಂಟು ಬಲಿಯಾದವು. ಪ್ಯಾಂಟು ಒಡೆಯುವ ವಸ್ತುವಲ್ಲ ಎಂದು ಮಾಸ್ಟರು ವಾದಿಸಿದರು. ಆದರೆ ಅದರ ಆಸನಭಾಗದಲ್ಲಿ ಚೆಂಡಿನ ಅಚ್ಚು ದುಂಡಗೆ ಮೂಡಿದ್ದರಿಂದ ಕಂಡಕ್ಟರಮ್ಮ ಅದನ್ನೂ ಲೆಕ್ಕಕ್ಕೆ ಹಿಡಿದರು. ಒಟ್ಟು ಐದು ವಾರದ ಪಾತ್ರೆ ಮಾಸ್ಟರ ಹೆಸರಿಗೆ ಬಿತ್ತು. ಕೈಯಲ್ಲಿ ಪಾತ್ರೆ, ಕಾಲಲ್ಲಿ ಚೆಂಡು, ಬಾಯಲ್ಲಿ ‘ಇಂದು ಬಿಟ್ಟರೆ ಎಂದೂ ಇಲ್ಲ’.

ಅತ್ತೆಯವರು ಕೋಲನ್ನು ಒಂದಿಂಚೂ ಎತ್ತಲಿಲ್ಲ. “ಅಳಿಯಂದ್ರೇ, ಗೇಟು ಹಾಕಿದೆ. ನಿಂತ್ಕೊಳ್ಳಿ.”

“ಅತ್ತೇ, ಒಂದು ನಿಮಿಷ ಕೋಲು ಎತ್ತಬಾರದೇ?”

“ಗೇಟು ಹಾಕಿದ್ಮೇಲೆ ದೊಡ್ಡ ದೊಡ್ಡ ಸಾಹೇಬ್ರೇ ಕಾರಲ್ಲಿ ಕಾದಿದ್ದಾರೆ.”

ಅನಿವಾರ್ಯವಾಗಿ ಮಾಸ್ಟರು ಚೆಂಡನ್ನು ಹೆಬ್ಬೆರಳಿನಿಂದ ಮೀಟಿ ಕೋಲಿನ ಮೇಲಿಂದ ಹಾರಿಸುವುದನ್ನು ಕಲಿತರು. ದೊಡ್ಡ ದೊಡ್ಡ ಆಟಗಾರರು ವರ್ಷಗಟ್ಟಲೆ ಕಲಿಯುವ ವಿದ್ಯೆ ಅದು, ಮಾಸ್ಟರಿಗೆ ಹದಿನೆಂಟೇ ದಿನದಲ್ಲಿ ಒಲಿಯಿತು. ಮೊದಲ ಸಲ ಚೆಂಡು ಕೋಲು ದಾಟಿದಾಗ ಅವರಿಗೆ ಕಣ್ಣು ತುಂಬಿ ಬಂತು. ಯಾರೂ ನೋಡಿರಲಿಲ್ಲ, ಅತ್ತೆಯವರು ಹವಾಮಾನ ವರದಿ ಕೇಳುತ್ತಿದ್ದರು.

ಕುಣಿಯಲಾರದವನು ನೆಲ ಡೊಂಕು ಎಂದನಂತೆ. ಮಾಸ್ಟರ ಮನೆಯಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಆದರೆ ಅದರಿಂದ ಕುಣಿತಕ್ಕೆ ಅನುಕೂಲವೇ ಆಯಿತು. ತೊಳೆದ ನೀರು ಹರಿದು ಹೋಗಲೆಂದು ಮುಂಬಾಗಿಲಿಂದ ಬಚ್ಚಲಿನವರೆಗೆ ನೆಲ ಇಳಿಜಾರಾಗಿತ್ತು. ಚೆಂಡು ತಾನಾಗಿ ಬಚ್ಚಲ ಕಡೆ ಉರುಳುತ್ತಿತ್ತು, ಮಾಸ್ಟರ ಪಾದ ಅದರ ಹಿಂದೆ ಹೋಗುತ್ತಿತ್ತು. ಬಚ್ಚಲಿನ ಬಾಗಿಲೇ ಗೋಲು. ಗೋಲಾದ ಮೇಲೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದು ವಾಪಸು ಮುಂಬಾಗಿಲಿಗೆ ಬರುತ್ತಿದ್ದರು. ಆ ಕಡೆಯಿಂದ ಈ ಕಡೆಗೂ ಆಡಿಕೊಂಡು ಬರಬಹುದಿತ್ತಲ್ಲ ಎಂದರೆ, ಏರು ಹತ್ತಿದರೆ ಮಂಡಿ ನೋಯುತ್ತದೆ ಎಂಬುದು ಅವರ ಉತ್ತರ.

ಒಂದು ತೊಂದರೆ ಉಳಿದಿತ್ತು. ಚೆಂಡು ನೋಡಿದರೆ ಮೇಜು ಕಾಣುವುದಿಲ್ಲ, ಮೇಜು ನೋಡಿದರೆ ಚೆಂಡು ಇರುವುದಿಲ್ಲ. ಒಂದು ಬೆಳಿಗ್ಗೆ ಹಣೆಯ ಬುಗುಟು ಹಿಡಿದುಕೊಂಡು ಕೂತಿದ್ದ ಗಂಡನನ್ನು ನೋಡಿ, ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದ ಕಂಡಕ್ಟರಮ್ಮನಿಗೆ ಕರುಳು ಚುರುಕ್ ಎಂದಿತು.

“ನೀವು ಕೆಳಗೆ ನೋಡ್ಕೊಂಡೇ ಬನ್ನಿ. ಸ್ಟಾಪು ನಾನು ಕೂಗ್ತೀನಿ.”

ಅಂದಿನಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರು ಕೂಗುವರು: “ಕುರ್ಚಿ ಬಂತು, ಕುರ್ಚಿ. ಮೇಜು, ಬಲಕ್ಕೆ ಸರೀರಿ. ಅಡುಗೆಮನೆ, ಎಡಕ್ಕೆ. ಹಗ್ಗ, ತಲೆ ತಲೆ. ಬಚ್ಚಲು, ಕೊನೆ ಸ್ಟಾಪ್.” ಕೊನೆಯ ಸ್ಟಾಪಿನಲ್ಲಿ ಧಡ್ ಎಂದು ಗೋಲು. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿ ಒಂದೇ ದಿಕ್ಕಿನಲ್ಲಿ ಯೋಚಿಸಿದ್ದು ಇದೇ ಮೊದಲು. (ದಿಕ್ಕು ಯಾವುದು ಎಂಬುದು ಮುಂದೆ ತಿಳಿಯುತ್ತದೆ.) ನಲವತ್ತನೆಯ ದಿನ ಮಾಸ್ಟರು ಕಣ್ಣಿಗೆ ಅಸ್ತರಿನ ಬಟ್ಟೆ ಕಟ್ಟಿಕೊಂಡು, ಬರೀ ಹೆಂಡತಿಯ ಕೂಗಿನ ಮೇಲೆ, ಒಂದು ಲೋಟವನ್ನೂ ಅಲುಗಿಸದೆ ಬಚ್ಚಲು ಮುಟ್ಟಿದರು. ಅತ್ತೆಯವರು ರೇಡಿಯೋ ಆರಿಸಿ ನೋಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಟೈಲರ ವೃತ್ತಿಯೇ ಆದ್ದರಿಂದ, ಮಾಸ್ಟರು ಆ ದಿನವೇ, ದೊಡ್ಡ ದೊಡ್ಡ ಆಟಗಾರರು ತೊಡುವ ಏಳು ಎಂಬ ಅಂಕಿಯನ್ನು ಬಟ್ಟೆಯಲ್ಲಿ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡರು. ಮೈದಾನಕ್ಕೆ ಇಳಿದು ಬಂದ ಮೇಲೆ ಹನ್ನೆರಡನ್ನು ಬಿಚ್ಚಿ ಆ ಜಾಗಕ್ಕೆ ಇದನ್ನು ಹೊಲಿಯುವುದೆಂದು ಲೆಕ್ಕ.

ಪಂದ್ಯದ ದಿನ ಕಂಡಕ್ಟರಮ್ಮ ರಜೆ ಹಾಕಿದರು. ಅತ್ತೆಯವರ ಬೆತ್ತದ ಕುರ್ಚಿ, ಕೋಲು, ರೇಡಿಯೋ ಸಮೇತ ಸಂಸಾರ ಮೈದಾನದ ಅಂಚಿಗೆ ಬಂದು ಕೂತಿತು. ಮಾಸ್ಟರು ಎಂದಿನಂತೆ ಬೆಂಚಿನ ಮೇಲೆ. ಮೈದಾನದ ಒಂದು ತುದಿಯಲ್ಲಿ ನೀರಿನ ನಲ್ಲಿ ಇತ್ತು, ಆ ಕಡೆಗೆ ನೆಲ ಸ್ವಲ್ಪ ಇಳಿಜಾರು. ಮೊದಲರ್ಧದಲ್ಲಿ ಮೇಲಿನ ಬೀದಿಯವರು ಗೋಲು ಹೊಡೆಯಬೇಕಾದದ್ದು ಆ ನಲ್ಲಿಯ ಕಡೆಗೇ. ಮಾಸ್ಟರು ಕೂತಲ್ಲೇ ಮನಸ್ಸಿನಲ್ಲಿ ಕುರ್ಚಿ, ಮೇಜು, ಹಗ್ಗ ಎಲ್ಲವನ್ನೂ ಆ ಹುಲ್ಲಿನ ಮೇಲೆ ಹಾಸಿದರು. ನಲ್ಲಿಯ ಜಾಗದಲ್ಲಿ ಬಚ್ಚಲು ಹೇಳಿ ಮಾಡಿಸಿದಂತೆ ಕೂತಿತು. ಕಂಡಕ್ಟರಮ್ಮನಿಗೂ ಕೈಸನ್ನೆ ಮಾಡಿ ತೋರಿಸಿದರು: ಅದೇ ಕೊನೇ ಸ್ಟಾಪು. ಅವರು ತಲೆಯಾಡಿಸಿದರು.

ಮೊದಲರ್ಧದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಅರ್ಧ ಮುಗಿಯುವ ಹೊತ್ತಿಗೆ ಬೇಕರಿಯವನು ಚೆಂಡಿಗೆ ಹಾರಿ ಬಿದ್ದಾಗ ಅವನ ಚಡ್ಡಿಯ ಹೊಲಿಗೆ ಹಿಂದುಗಡೆ ಬಿಟ್ಟುಕೊಂಡಿತು. ವಿರಾಮವಿಡೀ ಮಾಸ್ಟರು ಅವನನ್ನು ಬೆಂಚಿನ ಮೇಲೆ ಬೋರಲು ಮಲಗಿಸಿಕೊಂಡು, ತಮ್ಮ ಕಾಲರಿನಲ್ಲಿ ಸದಾ ಸಿಕ್ಕಿಸಿಕೊಂಡಿರುವ ಸೂಜಿ ತೆಗೆದು, ತಲೆ ಬಗ್ಗಿಸಿ ಹೊಲಿದರು. ಹಲ್ಲಿನಿಂದ ದಾರ ಕಡಿದು ಅವನನ್ನು ಎಬ್ಬಿಸಿ ಕಳಿಸಿ, ಸೂಜಿಯನ್ನು ಮತ್ತೆ ಕಾಲರಿಗೆ ಸಿಕ್ಕಿಸಿದ್ದೇ ತಡ, ಕ್ಯಾಪ್ಟನ್ನಿನ ಕೂಗು ಕೇಳಿತು. ಮಿಕ್ಸಿ ರಿಪೇರಿಯವನಿಗೆ ಮೀನಖಂಡ ಹಿಡಿದುಕೊಂಡಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

“ಬೇರೆ ಯಾರೂ ಇಲ್ವಾ?” ಎಂದು ಕ್ಯಾಪ್ಟನ್ ಸುತ್ತ ನೋಡಿದ. ಯಾರೂ ಇರಲಿಲ್ಲ. “ಹೋಗ್ಲಿ ಬನ್ನಿ ಮಾಸ್ಟ್ರೇ. ಒಂದು ಕಡೆ ನಿಂತಿರಿ ಸಾಕು.”

ವಿರಾಮದ ನಂತರ ತಂಡಗಳು ಕಡೆ ಬದಲಾಯಿಸುತ್ತವೆ ಎಂಬುದು ಇಷ್ಟು ವರ್ಷ ಪಂದ್ಯ ನೋಡಿದವರಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ತಲೆಗೆ ಗೊತ್ತಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ. ಕಂಡಕ್ಟರಮ್ಮನಿಗಂತೂ ಅದು ಕನಸಿನಲ್ಲೂ ಹೊಳೆಯುವಂತಿರಲಿಲ್ಲ. ಹೊರಟ ಬಸ್ಸಿನ ಕೊನೆಯ ಸ್ಟಾಪು ಅರ್ಧ ದಾರಿಯಲ್ಲಿ ಬದಲಾದದ್ದನ್ನು ಅವರು ಎಂದೂ ಕಂಡವರಲ್ಲ.

ಮಾಸ್ಟರು ಮೈದಾನದ ನಡುವೆ ನಿಂತರು. ಎತ್ತ ನೋಡಿದರೂ ಹುಲ್ಲು, ಬಯಲು, ಒಂದು ಗೋಡೆಯಿಲ್ಲ, ಒಂದು ಕಂಬವಿಲ್ಲ. ಹತ್ತು ನಿಮಿಷ ಚೆಂಡು ಅವರ ಹತ್ತಿರ ಬರಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಯಾರೋ ತಪ್ಪಿ ಒದ್ದದ್ದು ಉರುಳಿ ಬಂದು ಅವರ ಪಾದಕ್ಕೇ ನಿಂತಿತು. ಮಾಸ್ಟರು ಅದನ್ನು ನೋಡುತ್ತಾ ನಿಂತೇಬಿಟ್ಟರು. ಕಲಿತದ್ದೆಲ್ಲ ಮರೆತುಹೋಯಿತು. ಇಷ್ಟು ದಿನದ ಪಾತ್ರೆ, ಬುಗುಟು, ಬೈಗುಳ ಎಲ್ಲ ನೀರಿನಲ್ಲಿ ಹೋಮವಾಗುವ ಹೊತ್ತು.

ಗಂಡ ನಿಂತ ಭಂಗಿ ನೋಡಿಯೇ ಕಂಡಕ್ಟರಮ್ಮನಿಗೆ ಅರ್ಥವಾಯಿತು. ಅವರು ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಕೂಗಿದರು.

“ಕುರ್ಚಿ ಬಂತು, ಕುರ್ಚಿ!”

ಮಾಸ್ಟರ ಕಾಲು ಎಚ್ಚರವಾಯಿತು. ಪಾದ ಇಳಿಜಾರನ್ನು ಹುಡುಕಿ ನಲ್ಲಿಯ ಕಡೆ ತಿರುಗಿತು. ಎದುರಿಗೆ ಬೀಗ ರಿಪೇರಿಯವನು, ಅವರದೇ ತಂಡದವನು, “ಮಾಸ್ಟ್ರೇ ಎಲ್ಲಿಗೆ?” ಎನ್ನುತ್ತಾ ಕಾಲು ಅಡ್ಡ ಚಾಚಿದ. ಹೆಬ್ಬೆರಳಿನ ಒಂದು ಮೀಟು, ಚೆಂಡು ಅವನ ಕಾಲಿನ ಮೇಲಿಂದ ಹಾರಿತು. ಅಂಚಿನಲ್ಲಿದ್ದ ಅತ್ತೆಯವರು “ಗೇಟು ದಾಟಿತು” ಎಂದು ರೇಡಿಯೋಗೆ ಹೇಳಿದರು.

“ಮೇಜು, ಬಲಕ್ಕೆ ಸರೀರಿ.” ಅದೇ ತಂಡದ ತರಕಾರಿಯವನು ಹಿಡಿಯಲು ಬಂದು ಗಾಳಿಯನ್ನು ತಬ್ಬಿಕೊಂಡ. “ಅಡುಗೆಮನೆ, ಎಡಕ್ಕೆ.” ಇನ್ನಿಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಕೆಳಗಿನ ಬೀದಿಯವರು ಇದ್ದಲ್ಲೇ ನಿಂತು ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದರು. ಇಷ್ಟು ಸೊಗಸಾದ ಆಟಕ್ಕೆ ಅಡ್ಡಿ ಮಾಡುವ ಮನಸ್ಸು ಅವರಲ್ಲಿ ಒಬ್ಬನಿಗೂ ಬರಲಿಲ್ಲ. ಕ್ಯಾಪ್ಟನ್ ಹಿಂದಿನಿಂದ ಓಡಿ ಬಂದು ಕುತ್ತಿಗೆಪಟ್ಟಿ ಹಿಡಿಯಲು ಕೈ ಬೀಸಿದ. “ಹಗ್ಗ, ತಲೆ ತಲೆ.” ಮಾಸ್ಟರು ಸರಿಯಾಗಿ ನಾಲ್ಕಿಂಚು ಬಗ್ಗಿದರು. ಕೈ ಮೇಲಿಂದ ಹೋಯಿತು, ಕೈಯ ಹಿಂದೆ ಕ್ಯಾಪ್ಟನ್ನೂ ಹೋದ.

“ಬಚ್ಚಲು, ಕೊನೇ ಸ್ಟಾಪ್!”

ಮಾಸ್ಟರು ಹೊಡೆದರು. ಬೇಕರಿಯವನು ಇದ್ದ ಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಬಲಕ್ಕೆ ಹಾರಿದ. ಚೆಂಡು ಎಡಗಡೆಯಿಂದ ಬಲೆಗೆ ಹೋಯಿತು. ಚಡ್ಡಿಯ ಹೊಲಿಗೆ ಮಾತ್ರ ಬಿಡಲಿಲ್ಲ.

ಆಮೇಲೆ ಆಕಾಶ ಹರಿದುಹೋಗುವಂಥ ಕೇಕೆ ಎದ್ದಿತು. ಮಾಸ್ಟರು ಎರಡೂ ಕೈ ಎತ್ತಿ ಕಣ್ಣು ಮುಚ್ಚಿದರು. ಹನ್ನೊಂದು ವರ್ಷದಿಂದ ಈ ಸದ್ದಿಗಾಗಿ ಕಾದಿದ್ದರು. ಯಾರೋ ಓಡಿ ಬಂದು ತಬ್ಬಿದರು, ಇನ್ನಾರೋ ಹೆಗಲ ಮೇಲೆ ಎತ್ತಿಕೊಂಡರು. ಬೀಳದಿರಲೆಂದು ಮಾಸ್ಟರು ಕೆಳಗಿದ್ದವನ ಕಾಲರನ್ನು ಹಿಡಿದುಕೊಂಡರು. ಹೆಬ್ಬೆರಳು ತನ್ನಷ್ಟಕ್ಕೆ ಕಾಲರಿನ ಮೂಲೆಯನ್ನು ತಡವಿತು. ಎರಡು ಸುತ್ತಿನ ಹೊಲಿಗೆ ಇರಲಿಲ್ಲ. ಪಕ್ಕದವನ ಕಾಲರು ಹಿಡಿದು ನೋಡಿದರು, ಅಲ್ಲೂ ಇರಲಿಲ್ಲ.

“ಈ ಜೆರ್ಸಿ ಯಾರು ಹೊಲಿದದ್ದು?” ಎಂದು ಮಾಸ್ಟರು ಕಣ್ಣು ಬಿಡದೆಯೇ ಕೇಳಿದರು.

“ನಾವು ರೆಡಿಮೇಡ್ ತರೋದು ಮಾಸ್ಟ್ರೇ,” ಎಂದ ಕೆಳಗಿದ್ದವನು. ಅವನು ಕೆಳಗಿನ ಬೀದಿಯ ಕ್ಯಾಪ್ಟನ್, ಸಲೂನಿನವನು.

ಮಾಸ್ಟರು ಕಣ್ಣು ಬಿಡಲಿಲ್ಲ. ಬಿಟ್ಟರೆ ನೋಡಬೇಕಾದ್ದು ಏನೆಂದು ಅವರ ಹೆಬ್ಬೆರಳಿಗೆ ಆಗಲೇ ಗೊತ್ತಾಗಿತ್ತು.

ಪಂದ್ಯ ಒಂದು–ಸೊನ್ನೆಯಲ್ಲಿ ಮುಗಿಯಿತು. ಗಾಯದ ಮೇಲೆ ಬರೆ ಎಂಬಂತೆ, ಪಂದ್ಯದ ಅತ್ಯುತ್ತಮ ಗೋಲಿಗೆ ಬಹುಮಾನವಾಗಿ ಒಂದು ಸಣ್ಣ ಕಪ್ ಇತ್ತು. ಆದದ್ದೇ ಒಂದು ಗೋಲು, ಹಾಗಾಗಿ ಸಮಿತಿಯವರು ಅದನ್ನು ಬೇರೆ ಯಾರಿಗೂ ಕೊಡುವಂತಿರಲಿಲ್ಲ. ಚಪ್ಪಾಳೆಯೆಲ್ಲ ಮೈದಾನದ ಒಂದೇ ಕಡೆಯಿಂದ ಬಂತು. ಮನೆಗೆ ಬರುವ ದಾರಿಯಲ್ಲಿ ಮಾಸ್ಟರು ಬೆತ್ತದ ಕುರ್ಚಿಯನ್ನು ತಲೆಯ ಮೇಲೆ ಹೊತ್ತಿದ್ದರು, ಅದರಿಂದ ಮುಖ ಮರೆಯಾಗಿ ಒಳ್ಳೆಯದೇ ಆಯಿತು.

“ಅಮ್ಮಾ, ನಾನು ಕೂಗಿದ್ದು ತಪ್ಪಾ?” ಎಂದರು ಕಂಡಕ್ಟರಮ್ಮ ಮನೆ ಸೇರಿದ ಮೇಲೆ.

“ನೀನು ಸ್ಟಾಪು ಸರಿಯಾಗೇ ಕೂಗ್ದೆ, ಅವರು ಸರಿಯಾಗೇ ಇಳಿದ್ರು. ಊರೇ ಬೇರೆ ಆಗಿತ್ತು, ಯಾರೇನು ಮಾಡೋಕಾಗುತ್ತೆ,” ಎಂದರು ಅತ್ತೆಯವರು. ಆಮೇಲೆ ಅಳಿಯನ ಕಡೆ ತಿರುಗಿ, “ಆದ್ರೂ ಅಳಿಯಂದ್ರೇ, ಗೇಟು ದಾಟಿಸಿದ್ದು ಚೆನ್ನಾಗಿತ್ತು,” ಎಂದರು. ಮಾಸ್ಟರಿಗೆ ಅಳು ಬಂತು. ಅಳುತ್ತಲೇ ಪಾತ್ರೆ ತೊಳೆದರು, ಇನ್ನೊಂದು ವಾರ ಬಾಕಿ ಇತ್ತು.

ಐವತ್ತು ತುಂಬಿದವರು ಆಡಬಾರದೆಂಬ ನಿಯಮವನ್ನು ರದ್ದು ಮಾಡಬೇಕೆಂದು ಮೂರು ದಿನದಲ್ಲಿ ಸಮಿತಿಗೆ ಅರ್ಜಿ ಬಂತು. ಸಹಿ ಹಾಕಿದವರು ಕೆಳಗಿನ ಬೀದಿಯ ಹನ್ನೊಂದು ಜನ. ಮೇಲಿನ ಬೀದಿಯ ಕ್ಯಾಪ್ಟನ್, ನಿಯಮವನ್ನು ನಲವತ್ತೊಂಬತ್ತಕ್ಕೆ ಇಳಿಸಬೇಕೆಂದು ಎದುರು ಅರ್ಜಿ ಕೊಟ್ಟ. ಅದಾದ ಮಾರನೆಯ ದಿನ ಸಲೂನಿನವನು ನೀಲಿ ಬಟ್ಟೆಯ ದೊಡ್ಡ ಗಂಟು ಹೊತ್ತು ಮಾಸ್ಟರ ಅಂಗಡಿಗೆ ಬಂದ. ಡ್ಯೂಟಿ ಮುಗಿಸಿ ಬಂದಿದ್ದ ಕಂಡಕ್ಟರಮ್ಮ ಅಲ್ಲೇ ಗುಂಡಿ ಹಚ್ಚುತ್ತಾ ಕೂತಿದ್ದರು.

“ಇನ್ಮುಂದೆ ನಮ್ಮ ಜೆರ್ಸೀನೂ ನೀವೇ ಹೊಲೀಬೇಕು ಮಾಸ್ಟ್ರೇ. ಹನ್ನೆರಡು ಹೊಲೀರಿ.”

ಮಾಸ್ಟರು ಟೇಪು ತೆಗೆದು ಕೊರಳಿಗೆ ಹಾಕಿಕೊಂಡರು. “ಆಡೋರು ಹನ್ನೊಂದು ಜನ. ನಿಮ್ಮಲ್ಲಿ ಬೆಂಚಿನ ಮೇಲೆ ಕೂರೋರು ಯಾರೂ ಇಲ್ವಲ್ಲ. ಇನ್ನೊಂದು ಯಾರಿಗೆ?”

ಸಲೂನಿನವನು ಕೈ ಮುಗಿದ. ತಮಾಷೆಗಲ್ಲ, ಮನಸಾರೆ ಮುಗಿದ. “ನಮ್ಮ ಹನ್ನೆರಡನೆಯವರು ನೀವೇ ಅಲ್ವಾ ಮಾಸ್ಟ್ರೇ.”

ಅವನು ಹೋದ ಮೇಲೆ ಕಂಡಕ್ಟರಮ್ಮ ಗುಂಡಿಯ ಡಬ್ಬಿ ಮುಚ್ಚಿಟ್ಟು ಎದ್ದು, ಗಂಡನ ಕೊರಳಿನಿಂದ ಟೇಪು ಎಳೆದು ಅವರ ಸೊಂಟಕ್ಕೇ ಸುತ್ತಿದರು. ಇಷ್ಟು ವರ್ಷ ಊರಿಗೆಲ್ಲ ಅಳತೆ ತೆಗೆದ ಮಾಸ್ಟರ ಅಳತೆಯನ್ನು ಇನ್ನೊಬ್ಬರು ತೆಗೆದದ್ದು ಇದೇ ಮೊದಲು.

“ಎರಡಿಂಚು ಇಳಿದಿದೆ ನೋಡಿ,” ಎಂದರು. “ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಜೇಬಲ್ಲಿರೋ ಆ ಏಳನ್ನ ಯಾರಾದ್ರೂ ಬೇರೆಯವರ ಜೆರ್ಸಿಗೆ ಹಾಕಿ.”

ಮಾಸ್ಟರು ಜೇಬಿನಿಂದ ಏಳನ್ನು ತೆಗೆದು ಸಲೂನಿನವನ ಬಟ್ಟೆಯ ಗಂಟಿನ ಮೇಲಿಟ್ಟರು. ಆಮೇಲೆ ನೀಲಿಯ ಮೇಲೆ ಎದ್ದು ಕಾಣಲೆಂದು ಬಿಳಿ ಬಟ್ಟೆಯ ಒಂದು ಚೂರು ತೆಗೆದುಕೊಂಡು, ಅಳತೆ ನೋಡುವ ಅಗತ್ಯವೂ ಇಲ್ಲದೆ, ಹನ್ನೆರಡನ್ನು ಕತ್ತರಿಸಿದರು.